ಅಂಚೆಯಲ್ಲಿ ಬಂದ ನೊಣಗಳು

ಪಾರಿಕ್ಕಾಲದಿಂದ ಹೆಲ್ಮಿ ಅಜ್ಜಿಯ ಲಕೋಟೆ.
ಒಳಗೆ ಬಿಸ್ಕತ್ತಿನ ಡಬ್ಬದಿಂದ ಕತ್ತರಿಸಿದ ರಟ್ಟು,
ಅಂಟುಪಟ್ಟಿಯ ಅಡಿಯಲ್ಲಿ ಹನ್ನೊಂದು ನೊಣ,
ಪೆನ್ಸಿಲಿನಲ್ಲಿ ತಾರೀಖು, ಕೆಳಗೊಂದು ಸಾಲು:
"ಇವುಗಳಲ್ಲಿ ನಾಲ್ಕು ಮಿಕ್ಕವುಗಳ ಹಾಗಿಲ್ಲ. ನೋಡಿ."

ನೋಡುವುದಕ್ಕೇ ನನಗೆ ಸಂಬಳ.
ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಎರಡನ್ನು
ಅಕ್ಕಪಕ್ಕ ಮಲಗಿಸಿದೆ.

ದೊಡ್ಡದೆಂದರೂ ಗೋಧಿಕಾಳಿಗಿಂತ ಚಿಕ್ಕದು,
ಚಿಕ್ಕದು ಅದರ ಅರ್ಧಕ್ಕೆ ತುಸು ಮೇಲೆ.
ಎರಡರದೂ ಚಪ್ಪಟೆ ಮೈ,
ಯಾರೋ ಹೊಸಕಲು ನೋಡಿ, ಆಗದೆ,
ಬಿಟ್ಟು ಹೋದ ಹಾಗೆ.
ಏಡಿಯ ಅಡ್ಡ ನಡಿಗೆ. ಕೊಕ್ಕೆಯುಗುರು.
ಚಿಕ್ಕದರ ಮೈಮೇಲೆ ದಪ್ಪ ಬಿರುಗೂದಲು,
ಚಳಿಗೆಂದು ಹೊದ್ದುಕೊಂಡದ್ದಲ್ಲ,
ಹುಟ್ಟಿನಿಂದ ಬಂದದ್ದು.

ದೊಡ್ಡದು ನಿಧಾನಸ್ಥ.
ಲಿಂಗನ್ ಬೆರ್ರಿ ಕೆಂಪಾಗುವ ಹೊತ್ತಿಗೆ ಮಣ್ಣಿನಿಂದೆದ್ದು
ಹುಲ್ಲಿನ ತುದಿ ಹಿಡಿದು ಕೂರುತ್ತದೆ,
ಮೂಸ್ ಬಂದೀತೆಂದು.
ಚಿಕ್ಕದಕ್ಕೆ ಅಷ್ಟು ತಾಳ್ಮೆ ಇಲ್ಲ,
ಬೇಸಿಗೆ ಕಣ್ಣು ಬಿಡುತ್ತಲೇ ಹೊರಟಿರುತ್ತದೆ,
ಸಣ್ಣ ಜಿಂಕೆಯಾದರೂ ಆದೀತು ಎಂದು.

ಎರಡಕ್ಕೂ ಇರುವುದು ಒಂದೇ ಹಾರಾಟ.
ಬಿಸಿ ಉಸಿರಿನ ಕಡೆಗೆ ಇಪ್ಪತ್ತು ಮಾರು,
ಹೆಚ್ಚೆಂದರೆ ಮೂವತ್ತು.
ಕಾಲಿಗೆ ಕೂದಲು ಸಿಕ್ಕಿತೋ
ರೆಕ್ಕೆ ಬುಡಕ್ಕೇ ಮುರಿಯುತ್ತದೆ.
ಆಮೇಲೆ ಆ ಮೈಯೇ ಊರು, ಆ ಮೈಯೇ ಉಣಿಸು.
ತಪ್ಪಿ ಮನುಷ್ಯರ ತಲೆಗಿಳಿದರೂ ಅಷ್ಟೆ.
ರಕ್ತ ಸಿಗಬಹುದು, ಸಂಸಾರ ಸಾಗದು.
ಹೆಲ್ಮಿ ಅಜ್ಜಿಗೆ ಇದನ್ನು ಹೇಳಿಕೊಡಬೇಕಿಲ್ಲ,
ಕಾಡಿನಿಂದ ಬಂದ ಪ್ರತಿ ಸಂಜೆ ಸೌನಾದ ಹಲಗೆಯ ಮೇಲೆ
ಸೊಸೆ ಪಿರ್ಕ್ಕೊ ಬಾಚಣಿಗೆ ಹಿಡಿದು
ಒಂದೊಂದಾಗಿ ಹೆಕ್ಕುತ್ತಾಳೆ.

ಇವು ಮೊಟ್ಟೆ ಇಡುವುದಿಲ್ಲ.
ಒಂದೇ ಒಂದು ಮರಿ, ಹೊಟ್ಟೆಯೊಳಗೇ ಹಾಲೂಡಿ ಬೆಳೆಸಿ
ಕರಿಮಣಿಯಾಗಿಸಿ ಹೆರುತ್ತವೆ, ಆಮೇಲೆ ಇನ್ನೊಂದು.
ಮೂಸ್ ಮಲಗೆದ್ದ ಹಿಮದ ಗುಳಿಯಲ್ಲಿ
ಸರ ಹರಿದ ಹಾಗೆ ಬಿದ್ದಿರುತ್ತವೆ ಮಣಿಗಳು.
ಹಕ್ಕಿ ಹೆಕ್ಕಿ ಬಿಟ್ಟದ್ದು ಬದುಕುತ್ತದೆ.
(ಹೆಲ್ಮಿ ಎಂದರೆ ಇಲ್ಲಿಯ ಮಾತಿನಲ್ಲಿ ಮುತ್ತು, ಮಣಿ.
ಆ ಹೆಸರಿಟ್ಟವರು ನೊಣವನ್ನು ನೆನೆದಿರಲಾರರು.)

ಫೋನು ಮಾಡಿದೆ. "ನಿಮ್ಮ ಕಣ್ಣು ಸರಿ.
ಆ ನಾಲ್ಕು ಬೇರೆ ಜಾತಿ. ಹೊಸವು.
ಪೂರ್ವದಿಂದ, ಗಡಿ ದಾಟಿ ಬಂದಿರಬೇಕು.
ನಮ್ಮವಲ್ಲ."

ಆ ಕಡೆ ಕಾಫಿ ಬಟ್ಟಲು ತಟ್ಟೆಗೆ ತಗುಲಿದ ಸದ್ದು.

"ದೊಡ್ಡದು ಮಾತ್ರ ಯಾವಾಗ ನಮ್ಮದಾಯಿತು ತಾಯಿ?
ನನ್ನ ಮೊದಲ ಹೆರಿಗೆಯ ವರ್ಷ
ಬೇಟೆಯ ತಾವೆತ್ತಿ ಕತ್ತಿನಿಂದ ಕಿತ್ತು ತೋರಿಸಿದ,
ಊರಲ್ಲಿ ಯಾರೂ ಕಂಡಿರಲಿಲ್ಲ.
ರಷ್ಯದ ನೊಣ ಎಂದು ಬೈದು ಒಲೆಗೆ ಹಾಕಿದರು.
ನಾನು ಸುಮ್ಮನಿದ್ದೆ.
ಲಡೋಗಾದ ದಂಡೆಯಿಂದ, ಆರು ವರ್ಷದವಳು,
ಹಸುವಿನ ಹಗ್ಗ ಹಿಡಿದು ಅದೇ ದಾರಿಯಲ್ಲಿ
ನಡೆದು ಬಂದಿದ್ದೆನಲ್ಲ.
ಶಾಲೆಯಲ್ಲಿ ನನ್ನನ್ನೂ ಅದೇ ಹೆಸರಿನಿಂದ ಕೂಗುತ್ತಿದ್ದರು."

ನನ್ನ ಮುಂದಿನ ನಮೂನೆಯಲ್ಲಿ ಎರಡೇ ಚೌಕ,
ಸ್ಥಳೀಯ, ಹೊರಗಿನದು.
ಲೇಖನಿಯ ಮುಚ್ಚಳ ತೆಗೆದೆ, ಹಾಕಿದೆ.
ಮಸೂರದಡಿ ಮತ್ತೊಮ್ಮೆ ನೋಡಿದೆ,
ರೆಕ್ಕೆ ಮುರಿದ ಜಾಗ,
ಹರಿದ ಕಾಗದದ ಅಂಚು.
ದೊಡ್ಡದರಲ್ಲಿ ಸ್ವಲ್ಪ ಅಗಲ, ಅಷ್ಟೆ.

"ಅದು ಮುರಿಯುವಾಗ ನೋಯುತ್ತದಾ?"
"ಗೊತ್ತಿಲ್ಲ ಅಜ್ಜಿ. ಅಳೆದವರಿಲ್ಲ."

"ಹೋಗಲಿ. ಈ ಸಲ ಬೆರ್ರಿ ಚೆನ್ನಾಗಿದೆ,
ಶನಿವಾರ ಮತ್ತೆ ಕಾಡಿಗೆ ಹೋಗುತ್ತೇವೆ.
ಸಿಕ್ಕಷ್ಟು ಕಳಿಸುತ್ತೇನೆ.
ಅಂಚೆಚೀಟಿಯ ದುಡ್ಡು ಮಾತ್ರ
ಈ ಬಾರಿ ಸರ್ಕಾರವೇ ಕೊಡಲಿ."